ಏರುವುದಕ್ಕೆ ಮೊದಲು ಹಿಂದಿರುಗುವ ಗಳಿಗೆ ನಿಶ್ಚಯವಾಗಲಿ

ಪರೀಕ್ಷೆಗಳು ಮುಗಿಯುತ್ತ ಬಂದಂತೆ ನಮ್ಮ ಊರುಗಳ ಕಾಲೇಜು ವಿದ್ಯಾರ್ಥಿಗಳಲ್ಲಿ ಹಿಮಾಲಯದ ಮಾತು ಮೊದಲಾಗುತ್ತದೆ. ಹತ್ತು ಹನ್ನೆರಡು ಮಂದಿ ಸೇರಿ ಹಣ ಕೂಡಿಸುತ್ತಾರೆ, ರೈಲಿನ ಟಿಕೆಟು ತೆಗೆಸುತ್ತಾರೆ, ಹೊಸ ಬೂಟು ಕೊಳ್ಳುತ್ತಾರೆ. ಹೋಗಬೇಡಿರೆಂದು ಹೇಳುವವನು ನಾನಲ್ಲ. ಗಢವಾಲದ ಹಳ್ಳಿಗರ ಚಿಪ್ಕೊ ಚಳವಳಿಯಿಂದ ಸ್ಫೂರ್ತಿ ಪಡೆದು 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿಕೊಂಡ ನಾಡು ನಮ್ಮದು. ಆ ಬೆಟ್ಟಗಳನ್ನೂ ಆ ಜನರನ್ನೂ ನಮ್ಮ ಮಕ್ಕಳು ಕಣ್ಣಾರೆ ಕಂಡು ಬರುವುದು ಒಳ್ಳೆಯದೇ. ಆದರೆ ಅವರ ಬಾಯಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತು ನನ್ನನ್ನು ಕಳವಳಕ್ಕೆ ಈಡುಮಾಡಿದೆ: “ನಾವು ಬೆಟ್ಟದಲ್ಲೇ ಹುಟ್ಟಿ ಬೆಳೆದವರು, ನಮಗೇನು ಹೊಸತೇ?”

ಹೊಸತೇ. ನಮ್ಮ ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರು. ಹಿಮಾಲಯದ ಅನೇಕ ಚಾರಣಗಳಲ್ಲಿ ಡೇರೆ ಹೂಡುವ ತಾಣವೇ ಅದರ ಎರಡರಷ್ಟು ಎತ್ತರದಲ್ಲಿರುತ್ತದೆ. 3,500 ಮೀಟರಿನಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಮಳೆ, ಉಂಬಳ, ಜಾರುವ ಬಂಡೆ, ದಾರಿ ತಪ್ಪಿಸುವ ಶೋಲಾ ಕಾಡು, ಇವನ್ನು ನಾವು ಬಲ್ಲೆವು. ತೆಳುವಾದ ಗಾಳಿಯನ್ನು ನಮ್ಮ ಘಟ್ಟಗಳು ನಮಗೆ ಕಲಿಸಿಲ್ಲ. ಕಲಿಸಲು ಅವುಗಳಿಗೆ ಸಾಧ್ಯವೂ ಇಲ್ಲ.

ಅಡಿಕೆ ಮೂಟೆ ಹೊತ್ತು ಗಟ್ಟಿಯಾದ ದೇಹ ಎತ್ತರದ ಕಾಯಿಲೆಗೆ ರಕ್ಷೆಯಲ್ಲ. ವೇಗವಾಗಿ ಏರಬಲ್ಲ ಯುವಕನೇ ಎಷ್ಟೋ ವೇಳೆ ಮೊದಲು ಬೀಳುತ್ತಾನೆ, ಏಕೆಂದರೆ ಅವನು ವೇಗವಾಗಿ ಏರಿರುತ್ತಾನೆ. ಮೊದಲು ತಲೆನೋವು, ವಾಕರಿಕೆ, ನಿದ್ರೆಯಿಲ್ಲದ ರಾತ್ರಿ. ಇವನ್ನು ಲೆಕ್ಕಿಸದೆ ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು ಅಥವಾ ಮಿದುಳು ಊದಿಕೊಳ್ಳಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ಕುಡಿದವನಂತೆ ಹೆಜ್ಜೆ ತಪ್ಪಿದರೆ, ಮಾತು ತೊದಲಿದರೆ, ಬೆಳಗಾಗಲೆಂದು ಕಾಯದೆ ಆ ಗಳಿಗೆಯಲ್ಲೇ ಅವನನ್ನು ಜೊತೆಗಾರರೊಡನೆ ಕೆಳಕ್ಕೆ ಇಳಿಸಬೇಕು. ಮಾತ್ರೆಗಳಿವೆ, ನಿಜ, ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕಾದ ಅವು ಇಳಿಯುವುದಕ್ಕೆ ಬದಲಿಯಾಗಲಾರವು.

ಆದ್ದರಿಂದ ಸಿದ್ಧತೆಯೆಂದರೆ ಮೊದಲಿಗೆ ದಿನಗಳ ಲೆಕ್ಕ. 3,000 ಮೀಟರು ದಾಟಿದ ಮೇಲೆ ರಾತ್ರಿ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ಕಳೆಯಬೇಕು. ಇದು ಪರ್ವತ ವೈದ್ಯರು ಸಾಮಾನ್ಯವಾಗಿ ಒಪ್ಪಿರುವ ನಿಯಮ. ದೆಹಲಿಯಲ್ಲಿ ವಿಮಾನ ಹತ್ತಿ 3,500 ಮೀಟರಿನಷ್ಟು ಎತ್ತರದ ಲೇಹದಲ್ಲಿ ಇಳಿಯುವವರಿಗಂತೂ ಮೊದಲ ಎರಡು ದಿನ ವಿಶ್ರಾಂತಿಯೇ ಕಾರ್ಯಕ್ರಮವಾಗಬೇಕು. ಆದರೆ ಮಾರುಕಟ್ಟೆಯಲ್ಲಿ ನಡೆಯುತ್ತಿರುವುದೇನು? ರಜೆ ಕಡಿಮೆ, ಹಣ ಕಡಿಮೆ, ಆದ್ದರಿಂದ ಎಂಟು ದಿನದ ದಾರಿ ಆರು ದಿನಕ್ಕೆ ಇಳಿಯುತ್ತದೆ. ಸಂಘಟಕರು ಮಾರುತ್ತಾರೆ, ನಾವು ಚೌಕಾಶಿ ಮಾಡಿ ಕೊಳ್ಳುತ್ತೇವೆ. ಹಾಗೆ ಉಳಿಸಿದ ದಿನ ವಿಶ್ರಾಂತಿಯ ದಿನವೇ ಆಗಿರುತ್ತದೆ ಎಂಬುದನ್ನು ಗಮನಿಸುವುದಿಲ್ಲ. ಸಂಘಟಕರನ್ನು ಊಟಕ್ಕೆ ಏನು ಕೊಡುತ್ತೀರಿ ಎಂದು ಕೇಳುವ ಮೊದಲು, ಯಾವ ದಿನ ನಿಲ್ಲುತ್ತೀರಿ, ಹಿಂದಿರುಗುವ ನಿರ್ಧಾರ ಯಾರದು, ಪ್ರತಿಯೊಂದು ಡೇರೆಯಿಂದ ರಸ್ತೆಗೆ ಎಷ್ಟು ತಾಸು ಎಂದು ಕೇಳಿರಿ. ಉತ್ತರ ತಡವರಿಸಿದರೆ ಮುಂಗಡ ಕೊಡಬೇಡಿರಿ.

2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲಿನಲ್ಲಿ ನಡೆದುದನ್ನು ಕರ್ನಾಟಕ ಮರೆಯಲಾಗದು. ಸ್ಥಳೀಯ ಮಾರ್ಗದರ್ಶಕರೂ ಸೇರಿ 22 ಮಂದಿಯಿದ್ದ, ಹೆಚ್ಚಿನವರು ನಮ್ಮ ರಾಜ್ಯದವರೇ ಆಗಿದ್ದ ತಂಡವು ಸುಮಾರು 4,400 ಮೀಟರು ಎತ್ತರದ ಸರೋವರಗಳಿಂದ ಹಿಂದಿರುಗುವಾಗ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಅನುಭವಿ ಚಾರಣಿಗರೂ ಇದ್ದರು. ಇಲ್ಲಿ ಬೆಚ್ಚಗೆ ಕುಳಿತು ಅವರ ಮೇಲೆ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಅದು ಚಳಿಗಾಲವಾಗಿರಲಿಲ್ಲ, ನಮ್ಮಲ್ಲಿ ಮುಂಗಾರು ಕಾಲಿಡುವ ಹೊತ್ತು ಎಂಬುದನ್ನಷ್ಟೇ ನೆನಪಿಸುತ್ತೇನೆ. ನೆನೆದ ಬಟ್ಟೆಯ ಮೇಲೆ ಗಾಳಿ ಬೀಸಿದರೆ ನೀರು ಹೆಪ್ಪುಗಟ್ಟದಷ್ಟು ಚಳಿಯಲ್ಲೂ ದೇಹದ ಶಾಖ ಸೋರಿಹೋಗುತ್ತದೆ. ನಡುಗುತ್ತಿದ್ದವನ ನಡುಕ ನಿಂತಿತೆಂದರೆ ಅವನು ಸುಧಾರಿಸಿದನೆಂದಲ್ಲ, ಅಪಾಯ ಹೆಚ್ಚಿತೆಂದು ಅರ್ಥ.

ಈ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರು ನಮಗೆ ಪಾಠ ಹೇಳಬಲ್ಲರು. ಆಷಾಢದ ಮಳೆಯಲ್ಲಿ ಗದ್ದೆಗೆ ಇಳಿಯುವಾಗ ಅವರು ಹತ್ತಿಯ ಬಟ್ಟೆಯನ್ನು ನಂಬಿದವರಲ್ಲ, ಕಂಬಳಿಕೊಪ್ಪೆ ಹೊದ್ದವರು. ಉಣ್ಣೆ ನೆನೆದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ, ಹತ್ತಿ ಉಳಿಸಿಕೊಳ್ಳುವುದಿಲ್ಲ. ನಮ್ಮ ಹುಡುಗರ ಚೀಲದಲ್ಲಿ ನಾನು ಕಾಣುವುದು ಎರಡು ಜೀನ್ಸು, ನಾಲ್ಕು ಹತ್ತಿಯ ಟೀ ಶರ್ಟು! ಮೈಗೆ ತಾಗುವ ಬಟ್ಟೆ ಬೇಗ ಒಣಗುವಂಥದ್ದಿರಲಿ, ಅದರ ಮೇಲೆ ಉಣ್ಣೆ, ಅದರ ಮೇಲೆ ಗಾಳಿ ಮಳೆ ತಡೆಯುವ ಅಂಗಿ. ಒಂದು ಜೊತೆ ಒಣಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮಲಗುವ ಹೊತ್ತಿಗೆಂದೇ ಮುಟ್ಟದೆ ಇಡಬೇಕು. ಬೂಟಿಗೆ ಕಾಲು ಒಗ್ಗಿಸುವುದೂ ಹೊರೆಯೊಡನೆ ಏರಿಳಿಯುವ ಅಭ್ಯಾಸವೂ ಎರಡು ತಿಂಗಳ ಮೊದಲೇ ಇಲ್ಲಿನ ಗುಡ್ಡಗಳಲ್ಲಿ ಆರಂಭವಾಗಲಿ.

ಹಿರಿಯರಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಹಿಂದಿರುಗುವುದು. ನನ್ನ ಅಜ್ಜ ತಪ್ಪಿಸಿಕೊಂಡ ದನ ಹುಡುಕಲು ಬ್ಯಾಣದ ಆಚೆ ಹೋದರೆ, ಮಂಜು ಕವಿಯಿತೆಂದರೆ ದನದ ಗಂಟೆ ಕೇಳಿಸುತ್ತಿದ್ದರೂ ಮನೆಗೆ ಬಂದುಬಿಡುತ್ತಿದ್ದರು. ಅದನ್ನು ಸೋಲೆಂದು ಯಾರೂ ಅನ್ನಲಿಲ್ಲ. ಹಿಮಾಲಯದಲ್ಲಿ ಬೇಸಿಗೆಯಲ್ಲೂ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ಸಾಮಾನ್ಯ. ಆದ್ದರಿಂದ 12 ಗಂಟೆಯೋ 1 ಗಂಟೆಯೋ, ಶಿಖರ ಎಷ್ಟೇ ಸಮೀಪದಲ್ಲಿರಲಿ ಹಿಂದಿರುಗುವ ಹೊತ್ತನ್ನು ಹಿಂದಿನ ರಾತ್ರಿ ಡೇರೆಯಲ್ಲೇ ಎಲ್ಲರೂ ಕೂಡಿ ನಿಶ್ಚಯಿಸಬೇಕು. ಏದುಸಿರಿನ ನಡುವೆ, ಶಿಖರ ಕಣ್ಣೆದುರಿಗಿರುವಾಗ, ಮಾಡುವ ತೀರ್ಮಾನ ತೀರ್ಮಾನವಲ್ಲ, ಆಸೆ.

ಇದು ನಮ್ಮ ಜೀವದ ಪ್ರಶ್ನೆ ಮಾತ್ರವಲ್ಲ. ದಾರಿ ತಪ್ಪಿದವರನ್ನು ಹುಡುಕಲು ಮೊದಲು ಹೊರಡುವವರು ಬೆಟ್ಟದ ಬುಡದ ಹಳ್ಳಿಗರು. ಕುಮಾರಪರ್ವತದ ಮಗ್ಗುಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2024ರ ಜನವರಿಯ ರಜೆಯಲ್ಲಿ ಅಲ್ಲಿ ಜಾತ್ರೆಯಂತೆ ಜನ ಮುಗಿಬಿದ್ದಾಗ, ಆನ್‌ಲೈನ್ ಟಿಕೆಟಿನ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರಕಾರ ಕೆಲಕಾಲ ನಿಲ್ಲಿಸಬೇಕಾಯಿತು. ಗಢವಾಲದ ಹಳ್ಳಿಗರೂ ಇದೇ ನೋವು ಉಂಡವರು. ಅಲ್ಲಿನ ಹುಲ್ಲುಗಾವಲುಗಳಾದ ಬುಗ್ಯಾಲುಗಳನ್ನು ಉಳಿಸಲು ಸ್ಥಳೀಯ ಸಮಿತಿಯೊಂದು ನ್ಯಾಯಾಲಯಕ್ಕೆ ಹೋಯಿತು. 2018ರ ಆಗಸ್ಟಿನಲ್ಲಿ ಉತ್ತರಾಖಂಡದ ಹೈಕೋರ್ಟು ಬುಗ್ಯಾಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿ, ಪ್ರವಾಸಿಗರ ಸಂಖ್ಯೆಯನ್ನು 200ಕ್ಕೆ ಮಿತಗೊಳಿಸಿತು. ನಮ್ಮ ಶೋಲಾ ಹುಲ್ಲುಗಾವಲಿನಲ್ಲಿ ಬಾಟಲಿ ಎಸೆಯುವವರನ್ನು ಬೈಯುವ ನಾವು ಅಲ್ಲಿ ಹೋಗಿ ಅದೇ ಕೆಲಸ ಮಾಡುವ ಹಾಗಿಲ್ಲ. ಹೋಗುವ ದಾರಿಯ ಈಗಿನ ನಿಯಮವೇನೆಂದು ಅಲ್ಲಿನ ಅರಣ್ಯ ಇಲಾಖೆಯನ್ನು ಮೊದಲೇ ವಿಚಾರಿಸಿಕೊಳ್ಳಿರಿ. ಒಯ್ದ ಕಸ ಮರಳಿ ನಿಮ್ಮ ಚೀಲದಲ್ಲೇ ಇಳಿಯಲಿ.

ಮೇಲಿನ ಅನೇಕ ಕಣಿವೆಗಳಲ್ಲಿ ಫೋನು ಕೆಲಸ ಮಾಡುವುದಿಲ್ಲ. ಹೊರಡುವ ಮೊದಲು ಒಂದು ಹಾಳೆಯಲ್ಲಿ ದಾರಿ, ಪ್ರತಿ ರಾತ್ರಿ ತಂಗುವ ಸ್ಥಳ, ಜೊತೆಗಾರರ ಹೆಸರು, ಯಾವ ದಿನದೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕು ಎಂಬುದನ್ನು ಬರೆದು ಮನೆಯಲ್ಲಿ ಕೊಡಿರಿ. ಅದರ ಇನ್ನೊಂದು ಪ್ರತಿಯನ್ನು ಚಾರಣ ಆರಂಭವಾಗುವ ಕೊನೆಯ ಹಳ್ಳಿಯಲ್ಲಿ ಒಪ್ಪಿಸಿರಿ. ಇಳಿದು ಬಂದಾಗ ಆ ಮನೆಗೆ ಹೋಗಿ, ಎಲ್ಲರೂ ಬಂದೆವೆಂದು ತಿಳಿಸಿಯೇ ಬಸ್ಸು ಹತ್ತಿರಿ.