ಟಿಕೆಟ್ ಪಡೆದ ಮೇಲೆ ಮಗು ಸೇರಿದರೆ?

ಹಾರೂಗೇರಿ: ಪ್ರಯಾಣ ನಿಗದಿಯಾದ ಬಳಿಕ ಚಿಕ್ಕ ಮಗುವನ್ನೂ ಕರೆದೊಯ್ಯಬೇಕಾದರೆ ಸರ್ಕಾರಿ ಬಸ್ಸಿನಲ್ಲಿ ತೊಡಕಿಲ್ಲ, 6ರಿಂದ 12 ವರ್ಷದವರಿಗೆ ನಿರ್ವಾಹಕರು ಅರ್ಧ ಟಿಕೆಟ್ ಕೊಡುತ್ತಾರೆ. ರೈಲಿನಲ್ಲಿ ಹಾಗಲ್ಲ. ಬೆಂಗಳೂರಿನ ಗಾಡಿಗಾಗಿ ಕುಡಚಿ ಇಲ್ಲವೇ ರಾಯಬಾಗ ನಿಲ್ದಾಣವನ್ನು ಅವಲಂಬಿಸಿರುವ ಈ ಭಾಗದ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ.

5 ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವಾದರೆ ಟಿಕೆಟ್ ಅಗತ್ಯವಿಲ್ಲ. ಸಮಸ್ಯೆ ಇರುವುದು 5ರಿಂದ 12 ವರ್ಷದೊಳಗಿನವರದು. ಮೊದಲು ಇವರಿಗೆ ಅರ್ಧ ದರದಲ್ಲೇ ಬರ್ತ್ ದೊರೆಯುತ್ತಿತ್ತು. 2016ರ ಏಪ್ರಿಲ್ 21ರಿಂದ ಬರ್ತ್ ಬೇಕೆಂದರೆ ಪೂರ್ಣ ದರ, ಬೇಡವೆಂದರೆ ಮಾತ್ರ ಅರ್ಧ ದರ. ಈ ಬದಲಾವಣೆಯಿಂದ 2022-23ರವರೆಗಿನ ಏಳು ವರ್ಷಗಳಲ್ಲಿ ರೈಲ್ವೆಗೆ ಸುಮಾರು 2,800 ಕೋಟಿ ರೂಪಾಯಿ ಹೆಚ್ಚುವರಿ ಆದಾಯ ಬಂದಿರುವುದು ಮಾಹಿತಿ ಹಕ್ಕಿನ ಅರ್ಜಿಯಿಂದ ಬಹಿರಂಗವಾಗಿದೆ.

ಆದಾಯ ಹೆಚ್ಚಿದರೂ ಅನುಕೂಲ ಹೆಚ್ಚಿಲ್ಲ. ಒಮ್ಮೆ ನೀಡಿದ ಪಿಎನ್‌ಆರ್‌ಗೆ ಹೊಸ ಹೆಸರು ಸೇರಿಸಲು ಅವಕಾಶವಿಲ್ಲ. ಬೇರೆ ಟಿಕೆಟ್ ತೆಗೆದರೆ ಮಗುವಿನ ಬರ್ತ್ ಮತ್ತೊಂದು ಬೋಗಿಯಲ್ಲಿ ಸಿಗಬಹುದು, ಇಲ್ಲವೇ ಕಾಯುವ ಪಟ್ಟಿಯಲ್ಲೇ ಉಳಿಯಬಹುದು. ಆನ್‌ಲೈನ್ ಟಿಕೆಟ್ ಪೂರ್ತಿ ಕಾಯುವ ಪಟ್ಟಿಯಲ್ಲಿದ್ದರೆ ಚಾರ್ಟ್ ಸಿದ್ಧವಾದೊಡನೆ ತಾನಾಗಿಯೇ ರದ್ದಾಗುತ್ತದೆ. ಎಲ್ಲರ ಟಿಕೆಟ್ ರದ್ದುಪಡಿಸಿ ಮತ್ತೆ ಕಾಯ್ದಿರಿಸಿದರೆ ಶುಲ್ಕದ ನಷ್ಟದ ಜತೆಗೆ ಕೈಯಲ್ಲಿದ್ದ ಬರ್ತ್‌ಗಳೂ ಹೋಗಬಹುದು.

ಬರ್ತ್ ಕೇಳದ, ಅರ್ಧ ದರ ತೆರುವ ಮಗುವಿನ ಹೆಸರನ್ನು ಚಾರ್ಟ್ ಸಿದ್ಧವಾಗುವ ಮುನ್ನ ಸೇರಿಸಿದರೆ ಯಾವ ಪ್ರಯಾಣಿಕನ ಸ್ಥಾನಕ್ಕೂ ಧಕ್ಕೆಯಾಗದು. ಇಷ್ಟು ಸಡಿಲಿಕೆಯನ್ನಾದರೂ ರೈಲ್ವೆ ಮಂಡಳಿ ಪರಿಶೀಲಿಸಬೇಕಿದೆ.