ಕಡಲಾಚೆಯ ನಾಯಿಮರಿ

ನಾಯಿ ಸಾಕುವ ಹವ್ಯಾಸವು ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಒಂದು ಪ್ರಾಣಿಯನ್ನು ದಿನವೂ ಕಣ್ಣಿಟ್ಟು ನೋಡಿ ಅದರ ಹಸಿವು, ನಿದ್ರೆ, ಭಯ, ಉಲ್ಲಾಸಗಳನ್ನು ಗುರುತಿಸಬಲ್ಲವನು ಜೀವವಿಜ್ಞಾನದ ಅರ್ಧ ಪಾಠವನ್ನು ಪುಸ್ತಕದ ನೆರವಿಲ್ಲದೆಯೇ ಕಲಿತಂತೆ. ಆದರೆ ಈ ಹವ್ಯಾಸದ ಬೆನ್ನಿಗೆ ಇನ್ನೊಂದು ಆಸೆಯೂ ತಲೆಯೆತ್ತಿದೆ. ಊರ ನಾಯಿ ಬೇಡ, ಪೇಟೆಯಲ್ಲಿ ದೊರೆಯುವ ಜಾತಿನಾಯಿಯೂ ಸಾಲದು. ಪರದೇಶದ ತಳಿಗಾರನಿಂದ ನೇರವಾಗಿ ಮರಿಯನ್ನು ತರಿಸಬೇಕು ಎಂಬುದೇ ಆ ಆಸೆ. ಮೊಬೈಲಿನಲ್ಲಿ ಚಿತ್ರ ನೋಡಿ, ಹಣ ಕಳುಹಿಸಿ, ವಿಮಾನದಲ್ಲಿ ಮರಿ ಬರುವುದನ್ನು ಕಾಯುವುದು ಈಗ ಬಹಳ ಸುಲಭವೆಂದು ತೋರುತ್ತದೆ. ಸಾಮಾನ್ಯ ಗೃಹಸ್ಥರಿಗೆ ಇದು ತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ. ಸ್ವದೇಶಾಭಿಮಾನದಿಂದ ಈ ಮಾತನ್ನು ಹೇಳುತ್ತಿಲ್ಲ. ನಮ್ಮ ಆಕ್ಷೇಪಣೆಯ ಮುಖ್ಯ ಕಾರಣ ಮರಿಯ ವಯಸ್ಸು.

ವಯಸ್ಸಿಗೂ ಕಡಲಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅದನ್ನು ವಿವರಿಸಲು ಒಂದು ಊರನ್ನೂ ಒಂದು ಮರಿಯನ್ನೂ ಆರಿಸಿಕೊಳ್ಳೋಣ. ಊರು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮಾಡದಕೆರೆ. ತೆಂಗು ಅಡಿಕೆಗಳ ತೋಟ, ರಾಗಿಯ ಹೊಲ, ಕುರಿಮಂದೆ, ಇವು ಆ ಸೀಮೆಯ ಬದುಕು. ಅಲ್ಲಿಯ ಒಂದು ಮನೆಯ ಹುಡುಗನು ಯೂರೋಪಿನ ತಳಿಗಾರನೊಬ್ಬನಿಂದ ಸೈಬೀರಿಯನ್ ಹಸ್ಕಿ ಜಾತಿಯ ಮರಿಯೊಂದನ್ನು ತರಿಸಲು ಬಯಸುತ್ತಾನೆಂದು ಭಾವಿಸೋಣ. ಅವನ ಕಣ್ಣಿಗೆ ಬಿದ್ದ ಚಿತ್ರದಲ್ಲಿ ಮರಿಗೆ 6 ವಾರ ತುಂಬಿದೆ. ಅಂಗೈಯ ಮೇಲೆ ಕೂರುವಷ್ಟು ಚಿಕ್ಕದು, ಕಣ್ಣು ತಿಳಿನೀಲಿ.

ಆ ಮರಿ ಹಾಗೆಯೇ, ಆ ವಯಸ್ಸಿನಲ್ಲಿಯೇ, ಮಾಡದಕೆರೆಗೆ ಬರಲಾರದು. ನಾಯಿಯು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲ ಸರ್ಕಾರಗಳೂ ಮೊದಲು ಅಂಜುವುದು ಹುಚ್ಚುನಾಯಿ ರೋಗಕ್ಕೆ, ಎಂದರೆ ರೇಬೀಸಿಗೆ. ಬ್ರಿಟನ್ ದೇಶವು ಈ ಭಯದಿಂದಲೇ ಹೊರಗಿನಿಂದ ಬಂದ ನಾಯಿಗಳನ್ನು 6 ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುತ್ತಿತ್ತು; ಲಸಿಕೆ ಮತ್ತು ರಕ್ತಪರೀಕ್ಷೆಗಳ ಆಧಾರದ ಮೇಲೆ ಆ ಕಟ್ಟಳೆಯನ್ನು ಸಡಿಲಿಸಿದ್ದು 2000ದಲ್ಲಿ. ಭಾರತಕ್ಕೆ ಬರುವ ನಾಯಿಗೆ ಹೊರಡುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ರೇಬೀಸಿನ ಲಸಿಕೆಯಾಗಿರಬೇಕು. ಲಸಿಕೆಯನ್ನಾದರೂ ಮನಸ್ಸು ಬಂದಾಗ ಹಾಕಿದರೆ ಫಲವಿಲ್ಲ. ತಾಯಿಯ ಮೊದಲ ಹಾಲಿನೊಡನೆ ಮರಿಯ ದೇಹಕ್ಕೆ ರೋಗನಿರೋಧಕ ವಸ್ತುಗಳು ಸೇರಿರುತ್ತವೆ. ಮರಿಯನ್ನು ಕೆಲವು ವಾರ ಕಾಯುವ ಆ ವಸ್ತುಗಳೇ ಲಸಿಕೆಯನ್ನೂ ಶತ್ರುವೆಂದು ಬಗೆದು ನಿಷ್ಫಲಗೊಳಿಸುವುದುಂಟು. ಅವು ಕರಗಿದ ಮೇಲೆ, ಸಾಮಾನ್ಯವಾಗಿ 12 ವಾರ ತುಂಬಿದ ನಂತರ, ಕೊಟ್ಟ ರೇಬೀಸ್ ಲಸಿಕೆಯನ್ನೇ ಯೂರೋಪಿನ ಕಾನೂನು ಪ್ರಯಾಣಕ್ಕೆ ಮಾನ್ಯವೆಂದು ಎಣಿಸುತ್ತದೆ. ಇನ್ನು ಲೆಕ್ಕ ಸುಲಭ. 12 ವಾರ, ಅದರ ಮೇಲೆ ಒಂದು ತಿಂಗಳು. ಕಾಗದಪತ್ರಗಳಿಗೆ ಕೆಲವು ದಿನ. ಮರಿಯು ವಿಮಾನ ಹತ್ತುವಾಗ ಅದಕ್ಕೆ ಏನಿಲ್ಲವೆಂದರೂ 16 ವಾರ, ಎಂದರೆ ಸುಮಾರು ನಾಲ್ಕು ತಿಂಗಳು.

ಈ ನಾಲ್ಕು ತಿಂಗಳಲ್ಲಿ ನಾಯಿಮರಿಯ ಮಿದುಳಿನಲ್ಲಿ ಏನು ನಡೆಯುತ್ತದೆ? ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರಿನಲ್ಲಿರುವ ಜ್ಯಾಕ್ಸನ್ ಪ್ರಯೋಗಶಾಲೆಯಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ವಿಜ್ಞಾನಿಗಳು ಹಲವು ವರ್ಷ ಇದನ್ನೇ ಅಭ್ಯಾಸ ಮಾಡಿ 1965ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದೇ ಪ್ರಯೋಗಶಾಲೆಯಲ್ಲಿ ಫ್ರೀಡ್ಮನ್, ಕಿಂಗ್ ಮತ್ತು ಎಲಿಯಟ್ ಎಂಬವರು ನಡೆಸಿ 1961ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ವಿದ್ಯಾರ್ಥಿಗಳು ತಪ್ಪದೆ ತಿಳಿಯಬೇಕಾದದ್ದು. ಎತ್ತರವಾದ ಹಲಗೆಯ ಬೇಲಿ ಕಟ್ಟಿದ ಬಯಲಿನಲ್ಲಿ ಕಾಕರ್ ಸ್ಪೇನಿಯಲ್ ಮತ್ತು ಬೀಗಲ್ ಜಾತಿಯ ಮರಿಗಳನ್ನು ತಾಯಿಯೊಡನೆ ಬಿಟ್ಟು, ಮನುಷ್ಯರು ಅವುಗಳ ಕಣ್ಣಿಗೆ ಬೀಳದಂತೆ ಆಹಾರವನ್ನು ಒದಗಿಸಿದರು. ಕೆಲವು ಮರಿಗಳನ್ನು 2ನೆಯ ವಾರದಲ್ಲಿ, ಕೆಲವನ್ನು 3ನೆಯ, 5ನೆಯ, 7ನೆಯ, 9ನೆಯ ವಾರಗಳಲ್ಲಿ ಹೊರಕ್ಕೆ ತಂದು, ಒಂದು ವಾರ ಕಾಲ ಮನುಷ್ಯರೊಡನೆ ಆಡಲು ಬಿಟ್ಟು, ಮತ್ತೆ ಒಳಗೆ ಕಳುಹಿಸಿದರು. ಇನ್ನು ಕೆಲವು ಮರಿಗಳು 14 ವಾರದವರೆಗೆ ಮನುಷ್ಯನ ಮುಖವನ್ನೇ ಕಾಣಲಿಲ್ಲ. ಪರಿಣಾಮ ಸ್ಪಷ್ಟವಾಗಿತ್ತು. ನಡುವಣ ವಾರಗಳಲ್ಲಿ ಮನುಷ್ಯರ ಸಂಗ ದೊರೆತ ಮರಿಗಳು ಅವರಿಗೆ ಒಗ್ಗಿಕೊಂಡುವು. 14 ವಾರ ಕಳೆದ ಮೇಲೆ ಮೊದಲ ಬಾರಿಗೆ ಮನುಷ್ಯರನ್ನು ಕಂಡವು ಕಾಡುಪ್ರಾಣಿಗಳಂತೆ ಬೆದರಿ ಓಡಿದುವು. ಜಾತಿ, ತಾಯಿ, ಆಹಾರ ಎಲ್ಲವೂ ಒಂದೇ. ಬೇರೆಯಾದದ್ದು ಕಾಲವೊಂದು ಮಾತ್ರ.

ಸುಮಾರು 3ನೆಯ ವಾರದಿಂದ 12ನೆಯ ವಾರದವರೆಗಿನ ಈ ಕಾಲವನ್ನು ಪಳಗುವ ಅವಧಿ ಎನ್ನೋಣ. ಮರಿಯು ಯಾವುದನ್ನು ತನ್ನ ಪ್ರಪಂಚದ ಸಹಜ ಅಂಗವೆಂದು ಒಪ್ಪಬೇಕು, ಯಾವುದಕ್ಕೆ ಅಂಜಬೇಕು ಎಂಬುದು ಆಗಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಮಕ್ಕಳ ಕೂಗು, ಟ್ರ್ಯಾಕ್ಟರಿನ ಸದ್ದು, ದನ, ಕುರಿ, ಕೋಳಿ, ಬಾಗಿಲಿಗೆ ಬರುವ ಅಪರಿಚಿತರು, ಜಾತ್ರೆಯ ತಮಟೆ, ಇವೆಲ್ಲ ಆಗ ಪರಿಚಯವಾದರೆ ಮುಂದೆ ತೊಂದರೆಯಿಲ್ಲ. ನಮ್ಮ ಕಲ್ಪನೆಯ ಹಸ್ಕಿ ಮರಿಯಾದರೋ ಈ ಅವಧಿಯೆಲ್ಲವನ್ನೂ ಬೇರೊಂದು ದೇಶದಲ್ಲಿ ಕಳೆದಿರುತ್ತದೆ. ಅಲ್ಲಿ ಅದು ಒಳ್ಳೆಯ ತಳಿಗಾರನ ಮನೆಯೊಳಗೆ ಮಕ್ಕಳ ನಡುವೆ ಬೆಳೆದಿದ್ದರೆ ಚಿಂತೆಯಿಲ್ಲ. ಹೊಸ ಊರಿಗೂ ಕ್ರಮೇಣ ಹೊಂದಿಕೊಂಡೀತು. ಸಾಲಾಗಿ ಜೋಡಿಸಿದ ಪಂಜರಗಳಲ್ಲಿ, ದಿನಕ್ಕೆರಡು ಸಲ ಆಹಾರದ ತಟ್ಟೆ ಇಡುವ ಕೈಯೊಂದನ್ನೇ ಕಂಡು ಬೆಳೆದಿದ್ದರೆ? ಚಿತ್ರದಲ್ಲಿ ಎರಡೂ ಮರಿಗಳು ಒಂದೇ ಬಗೆಯಾಗಿ ಕಾಣುತ್ತವೆ. ಇದನ್ನು ತಿಳಿಯಬೇಕಾದರೆ ಹೋಗಿ ತಾಯಿಯನ್ನು ನೋಡಬೇಕು, ಮರಿ ಮಲಗುವ ಜಾಗವನ್ನು ನೋಡಬೇಕು, ಅಪರಿಚಿತ ಕೈಗೆ ಅದು ಮೂತಿ ಚಾಚುತ್ತದೋ ಮೂಲೆಗೆ ಸರಿಯುತ್ತದೋ ನೋಡಬೇಕು. ಮಾಡದಕೆರೆಯಲ್ಲಿ ಕುಳಿತು ಇದಾವುದೂ ಸಾಧ್ಯವಿಲ್ಲ.

‘ನಾವು 8 ವಾರದ ಮರಿಯನ್ನೇ ಕಳುಹಿಸಿಕೊಡುತ್ತೇವೆ’ ಎಂದು ಯಾರಾದರೂ ಪರದೇಶದಿಂದ ಮಾತು ಕೊಟ್ಟರೆ ಅಲ್ಲಿಯೇ ಎಚ್ಚರಗೊಳ್ಳಬೇಕು. ಅಂಥ ಮರಿಯ ಪತ್ರದಲ್ಲಿ ಹುಟ್ಟಿದ ದಿನ ಸುಳ್ಳಾಗಿರಬೇಕು, ಇಲ್ಲವೆ ಲಸಿಕೆಯ ದಿನ ಸುಳ್ಳಾಗಿರಬೇಕು, ಅದೂ ಅಲ್ಲದಿದ್ದರೆ ಮರಿಯೇ ಸುಳ್ಳು. ಮೂರನೆಯದು ಹಾಸ್ಯವಲ್ಲ. ಯಾರದೋ ನಾಯಿಯ ಚಿತ್ರವನ್ನು ತೋರಿಸಿ ಮುಂಗಡ ಪಡೆದು, ಬಳಿಕ ಪೆಟ್ಟಿಗೆಗೆ ಇಷ್ಟು, ವಿಮೆಗೆ ಇಷ್ಟು, ಸುಂಕಕ್ಕೆ ಇಷ್ಟು ಎಂದು ಕಂತುಕಂತಾಗಿ ಹಣ ಕೀಳುವ ವಂಚನೆ ಲೋಕದಾದ್ಯಂತ ನಡೆಯುತ್ತಿದೆ.

ಕಾನೂನಿನ ವಿಷಯವನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 2016ರ ಏಪ್ರಿಲ್ ತಿಂಗಳಿನಲ್ಲಿ ಒಂದು ಪ್ರಕಟಣೆಯನ್ನು ಹೊರಡಿಸಿ, ವ್ಯಾಪಾರಕ್ಕಾಗಿಯೂ ಮರಿ ಮಾಡಿಸುವುದಕ್ಕಾಗಿಯೂ ನಾಯಿಗಳನ್ನು ಆಮದು ಮಾಡುವುದಕ್ಕೆ ತಡೆ ಹಾಕಿತು. ತರುವವರ ಹೆಸರಿನಲ್ಲಿಯೇ ದಾಖಲೆಗಳಿರುವ ಸಾಕುನಾಯಿ, ಸಂಶೋಧನೆಗೆ ಬೇಕಾದ ನಾಯಿ, ಸೈನ್ಯ ಮತ್ತು ಪೊಲೀಸಿನ ಕೆಲಸದ ನಾಯಿ, ಇವುಗಳಿಗೆ ಅದು ಅವಕಾಶವನ್ನು ಉಳಿಸಿತು. ಬಂದಿಳಿದ ಪ್ರಾಣಿಯನ್ನು ಪರೀಕ್ಷಿಸುವ ಸರ್ಕಾರದ ಕ್ವಾರಂಟೈನ್ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಕಟ್ಟಳೆಗಳ ವಿವರಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹಣ ಕಳುಹಿಸುವ ಮೊದಲು ಆ ಕೇಂದ್ರವನ್ನೇ ವಿಚಾರಿಸುವುದು ವಿವೇಕ. ಮಾರುವವನ ಮಾತು ಅದಕ್ಕೆ ಪ್ರಮಾಣವಲ್ಲ.

ಇಷ್ಟೆಲ್ಲ ದಾಟಿ ಮರಿ ಬಂದಿತೆನ್ನೋಣ. ಅದು ತನ್ನೊಡನೆ ಒಂದು ದೇಹವನ್ನೂ ತಂದಿದೆ. ಹಸ್ಕಿಯ ಪೂರ್ವಜರನ್ನು ಈಶಾನ್ಯ ಸೈಬೀರಿಯದ ಚುಕ್ಚಿ ಜನರು ಜಾರುಬಂಡಿ ಎಳೆಯಲು ಸಾಕಿದರು. 1925ರ ಜನವರಿಯಲ್ಲಿ ಅಲಾಸ್ಕದ ನೋಮ್ ಪಟ್ಟಣದಲ್ಲಿ ಡಿಫ್ತೀರಿಯ ಕಾಣಿಸಿಕೊಂಡಾಗ, ಹಿಮದ ಬಿರುಗಾಳಿಯಲ್ಲಿ ನಾಯಿಗಳ ತಂಡಗಳು ಸರದಿಯ ಮೇಲೆ ಸುಮಾರು 1,085 ಕಿಲೋಮೀಟರು ಓಡಿ, ಆರು ದಿನಗಳೊಳಗೆ ಔಷಧವನ್ನು ಮುಟ್ಟಿಸಿದುವು. ಆ ಸಾಹಸ ಸಾಧ್ಯವಾದದ್ದು ಒಳಗೆ ದಟ್ಟವಾದ ಮೃದು ರೋಮ, ಹೊರಗೆ ಒರಟು ರೋಮ ಎಂಬ ಎರಡು ಪದರಗಳ ಕಂಬಳಿಯಿಂದ. ಅದೇ ಕಂಬಳಿ ಚಿತ್ರದುರ್ಗ ಸೀಮೆಯ ಏಪ್ರಿಲ್ ತಿಂಗಳಿನಲ್ಲಿ, ಮಧ್ಯಾಹ್ನದ ಉಷ್ಣಮಾನ 36–37 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಏನು ಮಾಡೀತು? ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವ ಸೌಕರ್ಯವಿಲ್ಲ. ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ. ಅದು ಏದುಸಿರು ಬಿಟ್ಟು, ನಾಲಿಗೆ ಮತ್ತು ಮೂಗಿನ ಒಳಪೊರೆಯ ತೇವವನ್ನು ಆವಿಯಾಗಿಸಿ, ರಕ್ತವನ್ನು ತಂಪು ಮಾಡಿಕೊಳ್ಳಬೇಕು. ಮಾಡದಕೆರೆಯ ಗಾಳಿ ಕರಾವಳಿಯಷ್ಟು ತೇವವಾಗಿಲ್ಲದಿರುವುದು ಈ ಕ್ರಮಕ್ಕೆ ಅನುಕೂಲವೆಂಬುದನ್ನು ಒಪ್ಪಬೇಕು. ಆದರೂ ದೇಹದ ಉಷ್ಣಮಾನವೇ 38–39 ಡಿಗ್ರಿ ಇರುವ ಪ್ರಾಣಿಗೆ ಸುತ್ತಲಿನ ಗಾಳಿಯೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾದಾಗ ಶಾಖವನ್ನು ಹೊರಹಾಕುವ ದಾರಿ ಅದೊಂದೇ ಉಳಿಯುತ್ತದೆ. 41 ಡಿಗ್ರಿ ಮೀರಿದರೆ ಪ್ರಾಣಾಪಾಯ. ಪಗ್, ಬುಲ್‌ಡಾಗ್ ಮುಂತಾದ ಮೊಂಡು ಮೂತಿಯ ಜಾತಿಗಳಿಗೆ ಉಸಿರಿನ ದಾರಿಯೇ ಇಕ್ಕಟ್ಟು. ಅವನ್ನು ಸರಕಿನ ಕೋಣೆಯಲ್ಲಿ ಒಯ್ಯಲು ಅನೇಕ ವಿಮಾನ ಸಂಸ್ಥೆಗಳು ಒಪ್ಪುವುದಿಲ್ಲ. ಮನೆಗೆ ತಂಪುಯಂತ್ರ ಹಾಕಿಸುತ್ತೇವೆನ್ನುವವರಿಗೆ ಹಳ್ಳಿಯ ಬೇಸಗೆಯ ವಿದ್ಯುತ್ತಿನ ಸ್ಥಿತಿಯನ್ನು ನಾವು ಹೇಳಬೇಕಾಗಿಲ್ಲ.

ಉಣ್ಣೆಗಳ ಕಾಟವೂ ಸಣ್ಣದಲ್ಲ. ಕಂದು ನಾಯಿಉಣ್ಣೆಯು ಎರ್ಲಿಕಿಯ ಎಂಬ ಸೂಕ್ಷ್ಮಜೀವಿಯನ್ನು ನಾಯಿಯ ರಕ್ತಕ್ಕೆ ಸೇರಿಸುತ್ತದೆ. 1960ರ ದಶಕದ ಕೊನೆಯಲ್ಲಿ ವಿಯೆಟ್ನಾಮಿನಲ್ಲಿದ್ದ ಅಮೆರಿಕದ ಸೈನ್ಯದ ಅನೇಕ ಜರ್ಮನ್ ಷೆಪರ್ಡ್ ನಾಯಿಗಳು ಮೂಗಿನಿಂದ ರಕ್ತ ಸುರಿದು ಸತ್ತದ್ದು ಈ ರೋಗದಿಂದ. ನಮ್ಮ ಊರ ನಾಯಿಗಳಿಗೂ ಇದು ತಗಲದೆ ಇಲ್ಲ. ಆದರೆ ಉಣ್ಣೆಯ ಸೀಮೆಯಲ್ಲಿ ನೂರಾರು ತಲೆಮಾರು ಬದುಕಿ ಉಳಿದವುಗಳ ಸಂತತಿಗೂ, ಇಂಥ ಉಣ್ಣೆಯನ್ನೇ ಕಾಣದ ಚಳಿನಾಡಿನ ಸಂತತಿಗೂ ವ್ಯತ್ಯಾಸವಿರುವುದು ಸಹಜ.

ಪರದೇಶದ ಮೂಲವೆಂಬುದಷ್ಟೇ ದೋಷವೆಂದು ನಾವು ಹೇಳುವುದಿಲ್ಲ. ನಮ್ಮ ಮುಧೋಳದ ಬೇಟೆನಾಯಿಯನ್ನೇ ನೋಡಬಹುದು. ಅದರ ಪೂರ್ವಜರು ಪಶ್ಚಿಮ ಮತ್ತು ಮಧ್ಯ ಏಷ್ಯದಿಂದ ಬಂದ ಸಲೂಕಿ, ತಾಜಿ ಮೊದಲಾದ ಓಟದ ನಾಯಿಗಳೆಂದು ತಜ್ಞರ ಊಹೆ. ಉತ್ತರ ಕರ್ನಾಟಕದ ಬಿಸಿಲಿನಲ್ಲಿ ತಲೆಮಾರುಗಳು ಕಳೆದು, ಬೇಟೆಗಾರರೂ ಕುರುಬರೂ ಕೆಲಸ ನೋಡಿ ಆರಿಸಿ, ಮುಧೋಳದ ಘೋರ್ಪಡೆ ಅರಸರು ಪೋಷಿಸಿ, ಅದು ಈ ನೆಲದ್ದಾಯಿತು. ತೆಳು ರೋಮ, ಆಳವಾದ ಎದೆ, ನೀಳವಾದ ಕಾಲು, ಇವನ್ನು ಬಿಸಿಲೂ ಬಯಲೂ ಸೇರಿ ರೂಪಿಸಿದುವು. ಹೊಸದುರ್ಗದ ನೆರೆಯ ಅಜ್ಜಂಪುರದ ಅಮೃತಮಹಲ್ ದನಗಳ ಕತೆಯೂ ಇಂಥದೇ. ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. 2016ರಲ್ಲಿ ಅದರ ಮರಿಗಳನ್ನು ಸೈನ್ಯವು ಮೀರತ್ತಿನ ತನ್ನ ಕೇಂದ್ರಕ್ಕೆ ತರಬೇತಿಗಾಗಿ ಒಯ್ದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. ಬಸ್ಸಿನಲ್ಲಿ ಹೋಗಿ ಕಣ್ಣಾರೆ ನೋಡಿ ಬರಬಹುದಾದಷ್ಟು ದೂರ.

ಹಾಗೆಂದು ಎಲ್ಲರೂ ಮುಧೋಳದ ನಾಯಿಯನ್ನೇ ತರಬೇಕೆಂದು ನಮ್ಮ ಸಲಹೆಯೂ ಅಲ್ಲ. ಅದು ಓಡುವ ನಾಯಿ. ಪಟ್ಟಣದ ಎರಡು ಕೋಣೆಗಳ ಮನೆಯಲ್ಲಿ ಕಟ್ಟಿಹಾಕಿದರೆ ಹಸ್ಕಿಗಾಗುವ ಅನ್ಯಾಯವೇ ಅದಕ್ಕೂ ಆಗುತ್ತದೆ. ಓಡುವುದನ್ನೆಲ್ಲ ಅಟ್ಟಿಸಿಕೊಂಡು ಹೋಗುವುದು ಅದರ ರಕ್ತದಲ್ಲಿದೆ. ಕುರಿ ಕೋಳಿಗಳ ನಡುವೆ ಇರಬೇಕಾದರೆ ಮೊದಲೆರಡು ಮೂರು ತಿಂಗಳಲ್ಲಿಯೇ ಅವುಗಳೊಡನೆ ಬೆಳೆಸಬೇಕು. ಪರದೇಶದಿಂದ ತರಿಸಲೇಬೇಕಾದ ಸಂದರ್ಭಗಳೂ ಉಂಟು. ಪೊಲೀಸಿನ ವಿಶೇಷ ಕೆಲಸಕ್ಕೆ ಪರೀಕ್ಷಿತ ವಂಶದ ನಾಯಿ ಬೇಕಾಗಬಹುದು. ಇಲ್ಲಿರುವ ಒಂದು ಜಾತಿಯಲ್ಲಿ ಹತ್ತಿರದ ಸಂಬಂಧಿಗಳ ನಡುವೆಯೇ ಸಂತಾನವಾಗಿ ದೋಷಗಳು ಹೆಚ್ಚಿದ್ದರೆ ಹೊಸ ರಕ್ತ ಬೇಕಾಗಬಹುದು. ಅದು ಸೊಂಟದ ಕೀಲಿನ ಎಕ್ಸ್‌ರೇ, ವಂಶಾವಳಿ, ರಕ್ತಪರೀಕ್ಷೆಗಳನ್ನು ಓದಬಲ್ಲವರು ಬೆಳೆದ ನಾಯಿಯನ್ನೇ ಪರೀಕ್ಷಿಸಿ ಮಾಡುವ ಕೆಲಸ. ಚಿತ್ರ ನೋಡಿ ಮರಿಯನ್ನು ಮೆಚ್ಚುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಮಾಡದಕೆರೆಯ ನಮ್ಮ ಹುಡುಗನಿಗೆ ಮರಿ ಬೇಕೇ ಬೇಕೆಂದರೆ, ಯಾರದಾದರೂ ತೋಟದ ಮನೆಯ ಹುಲ್ಲುಬಣವೆಯ ಮಗ್ಗುಲಲ್ಲಿ ಒಂದು ನಾಯಿ ಮರಿ ಹಾಕಿರುತ್ತದೆ. 3ನೆಯ ವಾರದಿಂದ ದಿನಕ್ಕೊಮ್ಮೆ ಹೋಗಿ ಆ ಮರಿಗಳೊಡನೆ ಆಡಲಿ, ಯಾವುದು ಮೊದಲು ತನ್ನ ಬಳಿಗೆ ಬರುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಎಂದು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಲಿ. 8ನೆಯ ವಾರದಲ್ಲಿ ಒಂದನ್ನು ಮನೆಗೆ ತರಬಹುದು. ಜಂತುಹುಳುವಿನ ಔಷಧ, ಡಿಸ್ಟೆಂಪರ್ ಮತ್ತು ಪಾರ್ವೊ ರೋಗಗಳ ಲಸಿಕೆ, 12 ವಾರ ತುಂಬಿದ ಮೇಲೆ ರೇಬೀಸಿನ ಲಸಿಕೆ, ಇವಕ್ಕೆ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು. ಅದು ಯಾವಾಗ ಕಚ್ಚಿದರೂ ಪರಚಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು.