ಆಹಾರ ಮೇಳದಲ್ಲಿ ವೈನ್ ಮಳಿಗೆ: ಲಾಭ ಯಾರಿಗೆ?

ಆಹಾರ ಮೇಳ, ಮಾವು ಮೇಳ, ಸಿರಿಧಾನ್ಯ ಮೇಳ, ವೈನ್ ಉತ್ಸವ. ನಮ್ಮ ರಾಜ್ಯದ ನಗರಗಳಲ್ಲಿ ಈಗ ಮೇಳಗಳಿಗೆ ಬರವಿಲ್ಲ. ಕರ್ನಾಟಕ ವೈನ್ ಮಂಡಳಿಯು ಬೆಂಗಳೂರು, ಬೆಳಗಾವಿ ಮುಂತಾದ ನಗರಗಳಲ್ಲಿ ವೈನ್ ಉತ್ಸವಗಳನ್ನು ನಡೆಸುತ್ತ ಬಂದಿದೆ. ಒಂದೇ ಚಪ್ಪರದ ಅಡಿಯಲ್ಲಿ ಒಂದು ಬದಿಗೆ ತಿಂಡಿ ತಿನಿಸುಗಳ ಮಳಿಗೆ, ಇನ್ನೊಂದು ಬದಿಗೆ ವೈನ್ ರುಚಿ ನೋಡುವ ಮಳಿಗೆ. ಮನೆಮಂದಿಯೆಲ್ಲ ಸೇರಿ ಹೋಗುವ ಜಾಗ ಇದು ಎಂದು ಕೆಲವರೆನ್ನುತ್ತಾರೆ. ಕುಡಿತಕ್ಕೆ ಹೊಸ ಬಣ್ಣ ಹಚ್ಚುವ ಉಪಾಯ ಎಂದು ಇನ್ನು ಕೆಲವರೆನ್ನುತ್ತಾರೆ. ಈ ಎರಡು ಮಾತುಗಳ ನಡುವೆ ನಾವು ಎಲ್ಲಿ ನಿಲ್ಲಬೇಕು?

ಈ ಪ್ರಶ್ನೆಯನ್ನು ಹುಬ್ಬಳ್ಳಿ-ಧಾರವಾಡದ ಕಡೆಯಿಂದ ನೋಡುವುದು ಒಳಿತೆಂದು ನಮಗೆ ತೋರುತ್ತದೆ. ಈ ಅವಳಿ ನಗರ ಕರಾವಳಿಯವರಾದ ನಮಗೆ ಪರಸ್ಥಳವೇನಲ್ಲ. ಓದಿಗಾಗಿ, ನೌಕರಿಗಾಗಿ, ಹೋಟೆಲು ವ್ಯಾಪಾರಕ್ಕಾಗಿ ಘಟ್ಟ ಹತ್ತಿ ಅಲ್ಲಿ ನೆಲೆಸಿದ ನಮ್ಮವರು ಬೆಳಗಾವಿ ಧರ್ಮಪ್ರಾಂತ್ಯದ ಧರ್ಮಕೇಂದ್ರಗಳಲ್ಲಿ ಬಲಿಪೂಜೆಗೆ ಸೇರುತ್ತಾರೆ. ಆ ಊರಿಗೆ ತನ್ನದೇ ಆದ ಊಟದ ಸಂಪತ್ತು ಇದೆ. ರಾಜ್ಯದಲ್ಲೇ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ವಿಜಯಪುರ ಜಿಲ್ಲೆಯೂ ಅದೇ ಸೀಮೆಯಲ್ಲಿದೆ. ಆದುದರಿಂದ ಊಟ ಮತ್ತು ವೈನ್ ಎರಡರ ನಿಜ ಸ್ಥಿತಿಯೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಊಟದ ಹಿಂದಿರುವ ಬದುಕು

ಮೊದಲು ಊಟದ ಮಾತು. ಧಾರವಾಡ ಪೇಡೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆದರೆ ಅದು ಆ ನೆಲದಲ್ಲೇ ಹುಟ್ಟಿದ ಮನೆತನದ ತಿಂಡಿಯಲ್ಲ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿನ ದಿನಗಳಲ್ಲಿ ವಲಸೆ ಬಂದ ಠಾಕೂರ್ ಮನೆತನದವರು ಹೊಟ್ಟೆಪಾಡಿಗಾಗಿ ಹಾಲು ಕಾಯಿಸಿ, ಖೋವಾ ಹುರಿದು ಮಾಡಿದ ಪೇಡೆ ಇಂದು ಊರಿನ ಹೆಸರಾಗಿದೆ. ಹುಬ್ಬಳ್ಳಿಯ ಸಾವಜಿ ಖಾನಾವಳಿಗಳ ಖಾರದ ಮಾಂಸದೂಟವೂ ಹಾಗೆಯೇ. ನೇಕಾರಿಕೆಯನ್ನು ಕಸುಬಾಗಿಸಿಕೊಂಡಿದ್ದ ಎಸ್.ಎಸ್.ಕೆ. ಸಮಾಜದವರ ಮನೆಯಡುಗೆ ಅದು. ಇನ್ನು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಿರ್ಮಿಟ್, ಮಿರ್ಚಿ ಭಜಿ ಇವುಗಳ ಹೆಸರು ಹೇಳದೆ ಆ ಊರಿನ ಮಾತು ಮುಗಿಯುವುದಿಲ್ಲ.

ಇವೆಲ್ಲ ಬರೀ ನಾಲಿಗೆಯ ಚಪಲವಲ್ಲ. ರೊಟ್ಟಿ ಬಡಿದು ಮಾರಿ ಮಕ್ಕಳನ್ನು ಓದಿಸಿದ ತಾಯಂದಿರು ಉತ್ತರ ಕರ್ನಾಟಕದಲ್ಲಿ ಎಷ್ಟೋ ಮಂದಿ ಇದ್ದಾರೆ. ಆಹಾರ ಮೇಳವೊಂದರಲ್ಲಿ ಸ್ವಸಹಾಯ ಸಂಘದ ಮಹಿಳೆಯರಿಗೆ ಒಂದು ಮಳಿಗೆ ಸಿಕ್ಕಿದರೆ ದಲ್ಲಾಳಿಯ ಹಂಗಿಲ್ಲದೆ ಹಣ ಅವರ ಕೈಗೇ ಬರುತ್ತದೆ. ಗಿರಾಕಿಯ ಪರಿಚಯವಾಗುತ್ತದೆ, ಮುಂದಿನ ಮದುವೆಗೋ ಹಬ್ಬಕ್ಕೋ ಇನ್ನೂರು ರೊಟ್ಟಿಯ ಆರ್ಡರು ಬರುತ್ತದೆ. ಬೇಸಿಗೆಯಲ್ಲಿ ತೋಟಗಾರಿಕೆ ಇಲಾಖೆಯವರು ನಡೆಸುವ ಮಾವು ಮೇಳದಲ್ಲಿ ಧಾರವಾಡದ ಆಪೂಸ್ ಬೆಳೆಗಾರ ತಾನೇ ತಕ್ಕಡಿ ಹಿಡಿದು ನಿಲ್ಲುತ್ತಾನೆ.

1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಹಳ್ಳಿ ಹಳ್ಳಿಗಳಿಂದ ಟ್ರ್ಯಾಕ್ಟರು, ಬಸ್ಸು ಹಿಡಿದು ಬರುವ ರೈತರು ಅಲ್ಲಿ ಬೀಜ ಕೊಳ್ಳುತ್ತಾರೆ, ಯಂತ್ರ ನೋಡುತ್ತಾರೆ, ರೊಟ್ಟಿ ಊಟ ಮಾಡಿ ಹೋಗುತ್ತಾರೆ. ಅದೇ ಸೆಪ್ಟೆಂಬರ್ 8ರಂದು ನಾವು ಕರಾವಳಿಯಲ್ಲಿ ಮೊಂತಿ ಫೆಸ್ತ್ ಆಚರಿಸಿ, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿಯ ಊಟ ಮಾಡುತ್ತೇವೆ. ಬೆಳೆದವನನ್ನು ನೆನೆದು ಉಣ್ಣುವುದು ಎರಡು ಕಡೆಯೂ ಒಂದೇ. ಇಂಥ ಮೇಳಗಳಿಗೆ ಹೋಗುವುದು, ಸಂತೋಷಪಡುವುದು, ಹಣ ಕೊಟ್ಟು ಕೊಳ್ಳುವುದು ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ.

2007ರ ಎರಡು ತೀರ್ಮಾನಗಳು

ವೈನಿನ ವಿಷಯ ಇಷ್ಟು ಸರಳವಲ್ಲ. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂದು ವೈನ್ ದ್ರಾಕ್ಷಿಯ ಪ್ರದೇಶಗಳನ್ನು ಗುರುತಿಸಲಾಯಿತು. ದ್ರಾಕ್ಷಿ ಬೆಳೆಗಾರನಿಗೆ ನೆರವಾಗುವುದು ಇದರ ಹಿಂದಿನ ಮುಖ್ಯ ವಾದವಾಗಿತ್ತು. ಅದೇ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂತು. ಸಾರಾಯಿಯಿಂದ ಬಡವರ ಸಂಸಾರಗಳು ಬೀದಿಗೆ ಬೀಳುತ್ತಿವೆ ಎಂಬ ಕೂಗು ಅದರ ಹಿಂದೆ ಇತ್ತು. ಹೀಗೆ ಒಂದೇ ವರ್ಷದಲ್ಲಿ ಬಡವನ ಕುಡಿತಕ್ಕೆ ಬಾಗಿಲು ಮುಚ್ಚಿತು, ಪೇಟೆಯವನ ವೈನಿಗೆ ಬಾಗಿಲು ತೆರೆಯಿತು. ಸಾರಾಯಿ ಬಿಟ್ಟವರಲ್ಲಿ ಅನೇಕರು ಅಗ್ಗದ ವಿಸ್ಕಿ, ಬ್ರಾಂದಿಯ ಕಡೆ ತಿರುಗಿದರು ಎಂಬುದು ನಾವೆಲ್ಲ ಕಣ್ಣಾರೆ ಕಂಡ ಸಂಗತಿ.

ಬೆಳೆಗಾರನಿಗೆ ನೆರವಾಗುವ ವಾದವನ್ನು ನಾವು ಹಗುರವಾಗಿ ಕಾಣುವುದಿಲ್ಲ. ವಿಜಯಪುರದ ರೈತ ಬಳ್ಳಿಯನ್ನು ಏಪ್ರಿಲ್ ಸುಮಾರಿಗೊಮ್ಮೆ, ಅಕ್ಟೋಬರ್ ಸುಮಾರಿಗೊಮ್ಮೆ ಹೀಗೆ ಎರಡು ಸಲ ಸವರುತ್ತಾನೆ. ಹಣ್ಣು ಕೊಯ್ಯುವುದು ಒಂದೇ ಸಲ. ಅಕಾಲದ ಮಳೆ ಬಿದ್ದರೆ ವರ್ಷದ ದುಡಿಮೆ ಮಣ್ಣುಪಾಲು. 2020ರ ಲಾಕ್‌ಡೌನ್ ಬಂದದ್ದು ಸರಿಯಾಗಿ ಕೊಯ್ಲಿನ ಹೊತ್ತಿಗೆ. ಆಗ ಬೆಳೆಗಾರರು ಪಟ್ಟ ಪಾಡನ್ನು ಯಾರೂ ಮರೆಯಲಾರರು.

ಆದರೆ ಅಲ್ಲಿನ ತೋಟಗಳಲ್ಲಿ ಹೆಚ್ಚಾಗಿ ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್‌ನಂಥ ತಿನ್ನುವ ತಳಿಗಳನ್ನು. ಅದರಲ್ಲಿ ಬಹುಪಾಲು ಒಣದ್ರಾಕ್ಷಿಯಾಗಿ, ಮಹಾರಾಷ್ಟ್ರದ ತಾಸಗಾಂವ್, ಸಾಂಗ್ಲಿ ಮಾರುಕಟ್ಟೆಗಳ ದರವನ್ನೇ ನೆಚ್ಚಿಕೊಂಡಿರುತ್ತದೆ. ಒಳ್ಳೆಯ ವೈನಿಗೆ ಬೇಕಾದ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಮೊದಲಾದವು ಬೇರೆಯೇ ತಳಿಗಳು. ಅವನ್ನು ವೈನರಿಯ ಜೊತೆ ಒಪ್ಪಂದವಿಲ್ಲದೆ ಬೆಳೆದರೆ ಕೊಳ್ಳುವವರಿಲ್ಲ. ಆದುದರಿಂದ ನಗರದ ಉತ್ಸವದಲ್ಲಿ ಬಾಟಲಿಗಳು ಎಷ್ಟೇ ಮಾರಾಟವಾದರೂ ಒಣದ್ರಾಕ್ಷಿ ಶೆಡ್ಡಿನ ಮುಂದೆ ದರಕ್ಕಾಗಿ ಕಾದು ಕುಳಿತ ರೈತನಿಗೆ ಅದರಿಂದ ಬರುವುದು ಅತ್ಯಲ್ಪ. ಅವನಿಗೆ ಬೇಕಾದದ್ದು ಶೈತ್ಯಾಗಾರ, ನ್ಯಾಯವಾದ ದರ, ಹತ್ತಿರದ ಮಾರುಕಟ್ಟೆ. ರೈತನ ಹೆಸರಿನಲ್ಲಿ ಉತ್ಸವ ನಡೆಸುವವರು ಅವನಿಂದ ಎಷ್ಟು ಟನ್ ಹಣ್ಣನ್ನು ಯಾವ ದರಕ್ಕೆ ಕೊಂಡರು ಎಂಬುದನ್ನು ಚಪ್ಪರದ ಬಾಗಿಲಲ್ಲೇ ಬರೆದು ಹಾಕಲಿ. ಆಗ ನಾವೂ ಚಪ್ಪಾಳೆ ತಟ್ಟುತ್ತೇವೆ.

‘ವೈನ್ ಹೆಂಡವಲ್ಲ’ ಎಂಬ ಮಾತು

ವೈನ್ ಉತ್ಸವಗಳ ಪರವಾಗಿ ಕೇಳಿಬರುವ ಇನ್ನೊಂದು ಮಾತು, ವೈನ್ ಆರೋಗ್ಯಕ್ಕೆ ಒಳ್ಳೆಯದು, ಅದು ವಿಸ್ಕಿಯಂತಲ್ಲ ಎಂಬುದು. ಲೆಕ್ಕ ಹಾಕಿ ನೋಡೋಣ. ವೈನಿನಲ್ಲಿ ಆಲ್ಕೋಹಾಲ್ ಸುಮಾರು ಶೇ. 13, ವಿಸ್ಕಿಯಲ್ಲಿ ಶೇ. 42.8. ಆದರೆ ವೈನನ್ನು ಯಾರೂ ಪೆಗ್ಗಿನಲ್ಲಿ ಕುಡಿಯುವುದಿಲ್ಲ. 150 ಮಿಲಿಲೀಟರಿನ ಒಂದು ಗ್ಲಾಸ್ ವೈನಿನಲ್ಲಿ ಸುಮಾರು 15 ಗ್ರಾಂ ಆಲ್ಕೋಹಾಲ್ ಇರುತ್ತದೆ. 45 ಮಿಲಿಲೀಟರ್ ವಿಸ್ಕಿಯಲ್ಲಿಯೂ ಅಷ್ಟೇ. ಹೊಟ್ಟೆಗೆ ಹೋದ ಮೇಲೆ ಯಕೃತ್ತಿಗೆ ಬಾಟಲಿಯ ಅಂದಚೆಂದ ತಿಳಿಯದು. ಆರೋಗ್ಯದ ದೃಷ್ಟಿಯಿಂದ ಆಲ್ಕೋಹಾಲಿನ ಯಾವ ಪ್ರಮಾಣವನ್ನೂ ಸುರಕ್ಷಿತವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು.

ಇದರ ಜೊತೆಗೆ ಸರ್ಕಾರದ ಬೊಕ್ಕಸದ ಲೆಕ್ಕವೂ ಇದೆ. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಇಡಲಾಯಿತು. ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು 2023ರಲ್ಲಿ ಹೊರಬಂದು, ಜನರ ವಿರೋಧದಿಂದಾಗಿ ಹಿಂದೆ ಸರಿಯಿತು. ಜನ ಮಾತಾಡಿದರೆ ಸರ್ಕಾರ ಕೇಳುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ನಿಲುವು

ಕ್ರೈಸ್ತರಾದ ನಾವು ದ್ರಾಕ್ಷಾರಸವೇ ಪಾಪವೆಂದು ಹೇಳಲಾರೆವು. ಕಾನಾ ಊರಿನ ಮದುವೆಯ ಮನೆಯಲ್ಲಿ ಪ್ರಭು ಯೇಸು ಮಾಡಿದ ಮೊದಲ ಸೂಚಕಕಾರ್ಯವೇ ದ್ರಾಕ್ಷಾರಸಕ್ಕೆ ಸಂಬಂಧಿಸಿದ್ದು. ಬಲಿಪೂಜೆಯ ದ್ರಾಕ್ಷಾರಸ ದ್ರಾಕ್ಷಿಯಿಂದಲೇ ಆದ ಶುದ್ಧ ರಸವಾಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 924ನೇ ನಿಯಮ ಹೇಳುತ್ತದೆ. ಆದರೆ ಪೀಠದ ಮೇಲಿನ ಪಾತ್ರೆಯನ್ನು ತೋರಿಸಿ ಮೇಳದ ಕುಡಿತವನ್ನು ಸಮರ್ಥಿಸುವುದು ಸಲ್ಲದು. ಮಿತಿಮೀರಿದ ಊಟ, ಮದ್ಯ, ತಂಬಾಕು ಎಲ್ಲವನ್ನೂ ವರ್ಜಿಸಬೇಕೆಂದು, ಕುಡಿದು ವಾಹನ ಓಡಿಸಿ ಇತರರ ಜೀವಕ್ಕೆ ಕುತ್ತು ತರುವುದು ಘೋರ ತಪ್ಪೆಂದು ಕಥೋಲಿಕ ಧರ್ಮೋಪದೇಶದ 2290ನೇ ವಾಕ್ಯಖಂಡ ಬೋಧಿಸುತ್ತದೆ. ನಾಡಿನ ಕಾನೂನೂ ಅದನ್ನೇ ಹೇಳುತ್ತದೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದು ವಾಹನ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಆದುದರಿಂದ ಮೇಳಕ್ಕೆ ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿಕೊಂಡು ಹೋಗಿ ಎನ್ನುತ್ತೇವೆ. ಬೆಳೆದವರು ಮತ್ತು ಅಡಿಗೆ ಮಾಡಿದವರು ಅಲ್ಲಿ ಇದ್ದಾರೆಯೇ? ನಾವು ಕೊಡುವ ಹಣ ಅವರ ಕೈ ಸೇರುತ್ತದೆಯೇ? ಮೇಳ ಮುಗಿಸಿ ಹೊರಟವರೆಲ್ಲ ಸುಖವಾಗಿ ಮನೆ ಮುಟ್ಟುವ ವ್ಯವಸ್ಥೆ ಇದೆಯೇ? ಈ ಮೂರಕ್ಕೂ ಹೌದೆಂಬ ಉತ್ತರವಿದ್ದರೆ ಮನೆಮಂದಿಯೊಂದಿಗೆ ಹೋಗಿ ಬನ್ನಿ. ಇಲ್ಲವಾದರೆ ಅದು ಊಟದ ಹೆಸರಿನ ಮದ್ಯದಂಗಡಿ ಅಷ್ಟೇ.

ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ಕ್ರಿಸ್ಮಸ್‌ಗೆಂದು ಭರಣಿಯಲ್ಲಿ ವೈನ್ ಇಡುವ ರೂಢಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ಅದನ್ನು ಪರವಾನಗಿ ಇಲ್ಲದೆ ಮಾರುವುದು ಅಬಕಾರಿ ಕಾನೂನಿನ ಪ್ರಕಾರ ಅಪರಾಧ. ಅದನ್ನು ಎಳೆಯ ಮಕ್ಕಳಿಗೆ ‘ಒಂದು ಗುಟುಕು’ ಎಂದು ಕೊಡುವ ಪದ್ಧತಿಯನ್ನು ಇನ್ನಾದರೂ ನಿಲ್ಲಿಸೋಣ. ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಆಹಾರ ಮೇಳ ಏರ್ಪಡಿಸುವ ಪಾಲನಾ ಪರಿಷತ್ತಿನವರು, ಐ.ಸಿ.ವೈ.ಎಂ. ಯುವಕ ಯುವತಿಯರು, ಸ್ತ್ರೀ ಸಂಘಟನೆಯವರು ಮೊದಲ ಮಳಿಗೆಯನ್ನು ವಾಳೆಯ ಬಡ ವಿಧವೆಗೋ ಸ್ವಸಹಾಯ ಸಂಘಕ್ಕೋ ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ಸಾನ್ನಾಂ ಜೊತೆಗೆ ಘಟ್ಟದ ಮೇಲಿನ ಜೋಳದ ರೊಟ್ಟಿಯೂ ಇರಲಿ. ಕುಡಿತ ಬಿಡಬೇಕೆಂದು ಹೆಣಗುತ್ತಿರುವ ಒಬ್ಬ ಸಹೋದರನಾದರೂ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಇರುತ್ತಾನೆ. ಆತ ತನ್ನ ಹೆಂಡತಿ ಮಕ್ಕಳೊಂದಿಗೆ ಅಂಜಿಕೆಯಿಲ್ಲದೆ ಬಂದು, ಹೊಟ್ಟೆ ತುಂಬ ಉಂಡು ಹೋಗುವಂತಿರಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರುಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳಾಗಲಿ, ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳಾಗಲಿ ಇಂಥವರ ಕೈಹಿಡಿಯುತ್ತಿವೆ. ನಮ್ಮ ಹಬ್ಬದ ಚಪ್ಪರ ಆ ಕೈಯನ್ನು ಬಿಡಿಸುವಂತಾಗದಿರಲಿ.